ಎರಡು ದೀಪದ ಪೆಟ್ಟಿಗೆ
ಕಂತು ಒಂಬತ್ತು

ಆರು ತಾಸಾಗಿತ್ತು. ಹಸಿರು ದೀಪ ಒಮ್ಮೆಯೂ ಆರಿರಲಿಲ್ಲ.

ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತ ಖಾಜಾಸಾಬನಿಗೆ ಸೊಂಟ ಹಿಡಿದುಕೊಂಡಿತ್ತು. ಮುಂಜಾನೆ ಒಂಬತ್ತಕ್ಕೆ ಈ ಕೋಣೆಯೊಳಗೆ ಹೊಕ್ಕವನು ನೀರಿಗೂ ಎದ್ದಿರಲಿಲ್ಲ. ಎದುರಿನ ಕಲ್ಲುಹಲಗೆಯ ಮೇಲೆ ಇನ್ವರ್ಟರು ಕೂತಿತ್ತು. ಬೂದುಬಣ್ಣದ ಕಬ್ಬಿಣದ ಪೆಟ್ಟಿಗೆ, ಮೇಲೆ ಮೂರೆಳೆ ವಿಭೂತಿ, ಒಂದು ಗುಂಡಿ, ಎರಡು ದೀಪ. ಅದಕ್ಕೆ ಇನ್ನೂರು ವ್ಯಾಟಿನ ಎರಡು ಬಲ್ಬು ಹಚ್ಚಿದ್ದ. ಚನ್ನಬಸವಣ್ಣನ ಆಕ್ಸಿಜನ್ ಯಂತ್ರ ಎಳೆಯುವುದಕ್ಕಿಂತ ಹೆಚ್ಚಿನ ಹೊರೆ ಅದು.

ಪೆಟ್ಟಿಗೆ ಮುಗ್ಗರಿಸಲಿಲ್ಲ. ಕೈ ಇಟ್ಟು ನೋಡಿದರೆ ಆಗಷ್ಟೇ ಹಾಲು ಕರೆದ ಎಮ್ಮೆಯ ಮೈಯಷ್ಟು ಬೆಚ್ಚಗಿತ್ತು, ಅಷ್ಟೇ.

ಮುಗ್ಗರಿಸಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೋದ ಗುರುವಾರ ಇದೇ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹೊರಗಿನ ಅಂಗಳದಲ್ಲಿ ನೆರೆದ ನಲವತ್ತು ಮಂದಿಯ ಎದುರು ತಾನೇ ಹೇಳಿದ್ದ: "ಒಳಗಿನ ತಾಮ್ರದ ಸುತ್ತು ಸುಟ್ಟೈತಿ. ಇದು ಹಳೇ ಮಾಲು. ಲಕ್ಷ್ಮೇಶ್ವರದ ಶಾಕೀರ ಇದನ್ನ ಮಾರಿ ನಿಮಗ ಮೋಸ ಮಾಡ್ಯಾನ."

ಅದಕ್ಕೂ ಮೂರು ದಿನ ಮೊದಲು, ಸೋಮವಾರ ಮಧ್ಯಾಹ್ನ, ಪೆಟ್ಟಿಗೆ ನಿಂತು, ಈ ಮನೆಯ ಯಜಮಾನ ಚನ್ನಬಸವಣ್ಣ ಉಸಿರು ಸಿಗದೆ ಮಂಚದಿಂದ ಕೆಳಗೆ ಬಿದ್ದಿದ್ದ. ಗದಗಿನ ಹತ್ತಿ ಮಿಲ್ಲಿನ ಧೂಳು ಇಪ್ಪತ್ತೆಂಟು ವರ್ಷ ಕುಡಿದ ಪುಪ್ಪುಸ ಅವನದು. ಈಗ ದವಾಖಾನೆಯಲ್ಲಿದ್ದಾನೆ. ಕಣ್ಣು ಬಿಡುತ್ತಾನೆ, ಮಾತಿಲ್ಲ.

ಖಾಜಾಸಾಬ ಮೂವತ್ತು ವರ್ಷ ಕರೆಂಟು ಕಳವು ಹಿಡಿಯುವ ತಂಡದಲ್ಲಿ ದುಡಿದವನು. ಮೀಟರಿನ ಮುಚ್ಚಳ ಮುಟ್ಟಿದ ಬೆರಳು ಯಾರದೆಂದು ಹೇಳುತ್ತಾನೆ ಎಂದು ಬೆಟಗೇರಿಯ ಮಂದಿ ಇವತ್ತಿಗೂ ಆಡಿಕೊಳ್ಳುತ್ತಾರೆ. ನಿವೃತ್ತನಾದ ಮೇಲೆ ಮೋಟರು ಕಳೆದುಕೊಂಡವರು, ಕೇಬಲ್ಲು ಕಳೆದುಕೊಂಡವರು ಅವನ ಮನೆಗೇ ಬರುತ್ತಾರೆ. ಅವನು ಹೇಳಿದರೆ ಮುಗಿಯಿತು, ಯಾರೂ ಎರಡನೆಯ ಮಾತು ಕೇಳುವುದಿಲ್ಲ.

ಅದಕ್ಕೇ ಶಾಕೀರನನ್ನೂ ಯಾರೂ ಎರಡನೆಯ ಮಾತು ಕೇಳಿರಲಿಲ್ಲ.

ಖಾಜಾಸಾಬ ಎದ್ದು ಬಲ್ಬು ಆರಿಸಿ, ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಬಿಚ್ಚಿದ. ತಾಮ್ರದ ಸುತ್ತಿನ ಮೇಲೆ ಅದೇ ಕಪ್ಪು. ಗುರುವಾರ ಕಂಡದ್ದೂ ಇದೇ. ಅವತ್ತು ಟಾರ್ಚು ಹಿಡಿದು ಬೆಳಕು ಬಿಟ್ಟವನು ಮಗ ಶಾಹಬಾಜ. "ನೋಡ್ರಿ ಅಬ್ಬಾ, ಹೆಂಗ ಸುಟ್ಟೈತಿ," ಎಂದಿದ್ದ. ಇವನು ನೋಡಿದ್ದ. ನೋಡಿದ್ದನಷ್ಟೇ.

ಇವತ್ತು ಕರವಸ್ತ್ರದ ತುದಿಯಿಂದ ಒರೆಸಿದ. ಕಪ್ಪು ಪೂರಾ ಬಟ್ಟೆಗೆ ಬಂತು. ಕೆಳಗೆ ಹೊಸ ತಾಮ್ರ, ಮೇಲೆ ಜೇನುಬಣ್ಣದ ವಾರ್ನಿಶು, ಒಂದು ಬಿರುಕೂ ಇಲ್ಲ.

ಕರವಸ್ತ್ರವನ್ನು ಮೂಗಿಗೆ ಹಿಡಿದ.

ಸುಟ್ಟ ವಾರ್ನಿಶಿನ ನಾತವನ್ನು ಅವನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ. ಇದು ಅದಲ್ಲ. ಇದು ಲೋಬಾನದ ಹೊಗೆ, ಜೊತೆಗೆ ಕರ್ಪೂರದ ಮಸಿ. ಪ್ರತಿ ಗುರುವಾರ ಅವನ ಮನೆಯಲ್ಲೂ ಹಾಕುವ ಲೋಬಾನ. ಯಾರೋ ಪೆಟ್ಟಿಗೆಯ ಮುಂದೆ ಹೊಗೆ ಹಾಕಿದ್ದಾರೆ, ಒಳಗಿನ ಫ್ಯಾನು ಆ ಹೊಗೆಯನ್ನು ಎಳೆದುಕೊಂಡಿದೆ. ವಾರಾನುಗಟ್ಟಲೆ.

ಖಾಜಾಸಾಬ ಮತ್ತೆ ಬುಟ್ಟಿಯ ಮೇಲೆ ಕುಳಿತ. ಮೂವತ್ತು ವರ್ಷದ ಕಸುಬಿನವನು ಮೂಗು ಬಳಸದೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಿದ್ದ.

ಕಿಟಕಿಯಿಂದ ಬೇವಿನ ಮರ ಕಾಣುತ್ತಿತ್ತು. ಅದರ ಕೆಳಗೆ ಹಸೀನಾಬಿ ಕುಳಿತಿದ್ದಳು. ಶಾಕೀರನ ತಾಯಿ, ಖಾಜಾಸಾಬನ ಜೊತೆ ತಂಡದ ಒಂದೇ ಜೀಪಿನಲ್ಲಿ ಊರೂರು ತಿರುಗಿದ ಶೇಖಸಾಬನ ವಿಧವೆ. ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಶಿರಹಟ್ಟಿಗೆ ಬಂದು, ಅಲ್ಲಿಂದ ಗುಡ್ಡದ ಬುಡದ ಈ ತೋಟದವರೆಗೆ ನಡೆದು ಬಂದಿದ್ದಳು. ಬಂದವಳು ಬೈದಿರಲಿಲ್ಲ. ಬೈದಿದ್ದರೆ ಚೆನ್ನಿತ್ತು.

"ಭಾಯಿ, ಐದು ದಿನಾ ಆತು ಶಾಕೀರ ಅಂಗಡಿ ಬಾಗಲಾ ತೆಗೀವಲ್ಲ," ಎಂದಿದ್ದಳು. "ಯಾಕೋ ಅಂದ್ರ ಒಂದ ಮಾತು ಆಡವಲ್ಲ. ಇವತ್ತು ಐದಕ್ಕ ಮಂದಿ ಕೂಡ್ತಾರಂತ. ನೀವು ಮತ್ತೊಮ್ಮಿ ಹೇಳೂರದೀರಂತ. ಕೇಳಿ ಹೋಗ್ತೀನಿ."

ಅಷ್ಟೇ ಹೇಳಿ ಮರದ ಕೆಳಗೆ ಹೋಗಿ ಕುಳಿತಿದ್ದಳು.

ಕಾಡಿನ ಗಡಿಯೆಂದು ಈ ಕಡೆ ಕರೆಂಟಿನ ಕಂಬ ಬಂದಿಲ್ಲ. ಇಪ್ಪತ್ಮೂರು ತೋಟದ ಮನೆಗಳು. ಎಲ್ಲರೂ ಒಟ್ಟಾಗಿ ಸೋಲಾರು ಹಾಕಿಸಿಕೊಳ್ಳಬೇಕೆಂದು ಗೊತ್ತುಮಾಡಿಕೊಂಡಿದ್ದರು. ಚನ್ನಬಸವಣ್ಣನ ಮನೆಯಲ್ಲಿ ಮೊದಲು ಹಾಕಿಸಿ ನೋಡಿ, ಅದು ಬಾಳಿಕೆ ಬಂದರೆ ಅದನ್ನೇ ಎಲ್ಲರೂ. ಇವತ್ತು ಐದಕ್ಕೆ ಆ ತೀರ್ಮಾನ. ಖಾಜಾಸಾಬನ ಗುರುವಾರದ ಮಾತೇ ಗಟ್ಟಿಯಾದರೆ ಶಾಕೀರನಿಗೆ ಗದಗ ಜಿಲ್ಲೆಯಲ್ಲಿ ಇನ್ನು ಯಾರೂ ಒಂದು ಬಲ್ಬೂ ಹಚ್ಚಗೊಡುವುದಿಲ್ಲ.

ಆಗಲೇ ಮೂರು ದಾಟಿತ್ತು.

"ಕಾಕಾ, ಚಹಾ." ಚನ್ನಬಸವಣ್ಣನ ಮಗಳು ಕಾಂಚನಾ ಬಾಗಿಲಲ್ಲಿ ನಿಂತಿದ್ದಳು. ಬಿಚ್ಚಿದ ಪೆಟ್ಟಿಗೆ ನೋಡಿದಳು, ಅವನ ಕರವಸ್ತ್ರ ನೋಡಿದಳು.

"ಈ ಪೆಟಗೀನ ಯಾಕ ಆರಿಸಿ ತಗೊಂಡ್ರವ್ವಾ ನೀವು?"

"ಅಪ್ಪ ಆರಿಸಿದ್ದು. ಅವತ್ತು ಶಾಕೀರ, ನಿಮ್ಮ ಮಗಾ ಇಬ್ಬರೂ ತಮ್ಮ ತಮ್ಮ ಪೆಟಗಿ ಮಾರಾಕ ತಂದಿದ್ರು. ನಿಮ್ಮ ಶಾಹಬಾಜಣ್ಣಂದು ದೊಡ್ಡ ಗಾಜಿನ ಪರದೆದು. ಫೋನಿನಾಗ ಎಲ್ಲಾ ಕಾಣ್ತೈತಿ ಅಂದ. ಅಪ್ಪ, 'ಇಲ್ಲಿ ಫೋನಿಗೆ ಸಿಗ್ನಲ್ಲ ಸಿಗೂದಿಲ್ಲಲ್ಲೋ ತಮ್ಮಾ, ಗುಡ್ಡ ಹತ್ತಿ ನೋಡ್ಲೇನು' ಅಂದ್ರು."

"ಆಮ್ಯಾಲ?"

"ಕಣ್ಣು ಮುಚ್ಚಿ ಎರಡರ ಮ್ಯಾಲೂ ಕೈಯಾಡಿಸಿದ್ರು. ಪರದೆದರ ಮ್ಯಾಲ ಬೆರಳಿಗೆ ಏನೂ ಹತ್ತಲಿಲ್ಲ. ಶಾಕೀರಂದು ಒಮ್ಮಿಗೇ ಗುಂಡಿ ಕೈಗೆ ಬಂತು. 'ಉಸಿರು ಸಿಗದಾಗ ನಾ ಪರದೆ ಓದಾಕ ಕಣ್ಣಿನ ಚಾಳೀಸ ಹುಡಕ್ಲೇನು? ಇದ ಇರಲಿ' ಅಂದ್ರು. ಶಾಕೀರ ಇನ್ನೊಂದು ಹೇಳಿದ. ಕೆಟ್ಟರ ಕಂಪನಿಯವ್ರ ದಾರಿ ಕಾಯೂದು ಬ್ಯಾಡ, ಲಕ್ಷ್ಮೇಶ್ವರದಾಗ ಬೆಸಿಗಿ ಹಾಕಾಕ ಬರೂ ಯಾರಾದ್ರೂ ಮಾಡ್ತಾರ, ಒಳಗ ಇರೂದ ನಾಕು ಸಾಮಾನು ಅಂತ."

ಖಾಜಾಸಾಬನನ್ನು ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ತೂಕದ ತಾಮ್ರ, ಹೆಚ್ಚು ಕಾಯದ ಮೈ, ಕೈಗೆ ಸಿಗುವ ಗುಂಡಿ. ಕಂಬವಿಲ್ಲದ ಜಾಗಕ್ಕೆ ಇದಕ್ಕಿಂತ ನೆಟ್ಟಗಿನ ಮಾಲು ಇಲ್ಲ. ಮಗನಿಗೆ ಈ ಮಾತು ಹಿಂದೊಮ್ಮೆ ಅವನೇ ಹೇಳಿಕೊಟ್ಟಿದ್ದ. ಮಗನ ಸೋಲಾರು ಅಂಗಡಿ ಗದಗಿನಲ್ಲಿದೆ, ಮುಂಡರಗಿಯಲ್ಲಿ ಇನ್ನೊಂದು ತೆರೆಯುವವನಿದ್ದ. ಮಗನ ವ್ಯಾಪಾರ ಮಗನಿಗೆ ಎಂದುಕೊಂಡು ಸುಮ್ಮನಿದ್ದ.

"ನಿಮ್ಮಪ್ಪನ ಆಕ್ಸಿಜನ್ ಯಂತ್ರ ತೋರಿಸು."

ಯಂತ್ರ ಪಡಸಾಲೆಯ ಮಂಚದ ಪಕ್ಕದಲ್ಲಿತ್ತು. ಇನ್ವರ್ಟರಿಗೆ ನೆನಪಿಲ್ಲ, ಅದು ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಈ ಯಂತ್ರದ ಮುಖದಲ್ಲಿ ಸಣ್ಣದೊಂದು ಗಾಲಿಯಂಕಿ ಇತ್ತು. ಎಷ್ಟು ತಾಸು ಓಡಿದೆಯೆಂದು ತೋರಿಸುವುದು. ೧೫೪೫.

"ದಿನಕ್ಕ ಎಷ್ಟು ತಾಸು ಹಚ್ತಿದ್ರಿ?"

"ಹದಿನೈದು. ಡಾಕ್ಟರ ಹೇಳಿದ್ದ ಅಷ್ಟು. ನಾನು ಒಂದು ದಿನಾನೂ ತಪ್ಪಿಸಿಲ್ರಿ."

"ಬಂದು ಎಷ್ಟು ವಾರ?"

"ಅಪ್ಪ ಬಿದ್ದ ಹೊತ್ತಿಗೆ ಬರೋಬರಿ ಹದಿನೈದು."

ಖಾಜಾಸಾಬ ಬೆರಳು ಮಡಚಿದ. ಹದಿನೈದುನೂರ ಎಪ್ಪತ್ತೈದಿರಬೇಕು. ಮೂವತ್ತು ತಾಸು ಎಲ್ಲಿಗೋ ಹೋಗಿವೆ. ಹದಿನೈದು ವಾರಕ್ಕೆ ಮೂವತ್ತು. ವಾರಕ್ಕೆ ಎರಡು.

"ನಿಮ್ಮಪ್ಪ ಏನರೆ ಬರದಿಡ್ತಿದ್ರೇನು?"

ಕಾಂಚನಾ ದಿಂಬಿನ ಕೆಳಗಿಂದ ಒಂದು ಎರಡುನೂರು ಪುಟದ ವಹಿ ತೆಗೆದುಕೊಟ್ಟಳು. ದಿನಾ ಮಧ್ಯಾಹ್ನ ಎರಡಕ್ಕೆ ಚನ್ನಬಸವಣ್ಣ ಬೆರಳಿಗೆ ಕ್ಲಿಪ್ಪು ಹಾಕಿಕೊಂಡು, ಮೈಯಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ನೋಡಿ ಬರೆದಿದ್ದ. ಮಿಲ್ಲಿನ ಗುಮಾಸ್ತನ ದುಂಡನೆಯ ಅಕ್ಷರ. ತೊಂಬತ್ನಾಲ್ಕು. ತೊಂಬತ್ಮೂರು. ತೊಂಬತ್ತೈದು. ಆಮೇಲೆ ಒಂದು ದಿನ ಎಂಬತ್ತೇಳು. ಮತ್ತೆ ತೊಂಬತ್ನಾಲ್ಕು.

ಅವನು ಎಂಬತ್ತರಿಂದ ಶುರುವಾಗುವ ಪ್ರತಿ ಸಾಲಿನ ಮೇಲೆ ಉಗುರಿಟ್ಟ. ಪಕ್ಕದಲ್ಲಿ ವಾರ ಬರೆದಿತ್ತು. ಸೋಮವಾರ. ಸೋಮವಾರ. ಸೋಮವಾರ. ಒಂದೂ ತಪ್ಪಿರಲಿಲ್ಲ.

"ಸೋಮವಾರ ಮಧ್ಯಾಹ್ನ ನೀ ಎಲ್ಲಿರ್ತಿ?"

"ಶಿರಹಟ್ಟ್ಯಾಗ, ಕಾಕಾ. ಹೊಲಿಗಿ ಕಲಸಾಕ ಹೋಗ್ತೀನಿ. ಸಂಜೀಗೆ ಬರ್ತೀನಿ. ಅಪ್ಪ ನನಗೇನೂ ಹೇಳಿಲ್ಲಲ್ರಿ. ಆ ಅಂಕಿ ನಾ ಯಾಕ ನೋಡಲಿಲ್ಲ."

"ಮನ್ಯಾಗ ಯಾರಿರ್ತಾರ?"

"ಗದಿಗೆವ್ವತ್ತಿ ಇರ್ತಾಳ. ಸೋಮವಾರ ವೀರುನೂ ಬರ್ತಾನ."

ವೀರು ಚನ್ನಬಸವಣ್ಣನ ತಮ್ಮನ ಮಗ, ಹೊಲ ನೋಡಿಕೊಳ್ಳುವವನು. ದೊಡ್ಡಪ್ಪ ಹೋದರೆ ಹೊಲ ಅವನಿಗೇ ಎಂದು ಊರೆಲ್ಲ ಪಿಸುಗುಟ್ಟುತ್ತಿತ್ತು. ಖಾಜಾಸಾಬ ಹಿತ್ತಲಿಗೆ ಹೋದಾಗ ಅವನು ಎತ್ತುಗಳಿಗೆ ಹಿಂಡಿ ಕಲಸುತ್ತಿದ್ದ.

"ಸೋಮವಾರಕ್ಕೊಮ್ಮಿ ಮನೀಗೆ ಬರ್ತಿಯಂತ ವೀರು."

"ಬರ್ತೀನ್ರಿ. ಉಳದ ದಿನಾ ಹೊಲದಾಗ ಉಣ್ತೀನಿ, ಸೋಮವಾರ ಮನ್ಯಾಗ ಉಣ್ತೀನಿ. ಅದಕ್ಕೂ ಕೇಸ ಹಾಕ್ತೀರೇನು?"

"ಸೋಮವಾರನ ಯಾಕ?"

ವೀರು ಕೈ ಝಾಡಿಸಿಕೊಂಡು ಇವನನ್ನು ಮೇಲಿಂದ ಕೆಳಗೆ ನೋಡಿದ. "ಸಾಹೇಬ್ರು ಪ್ಯಾಟಿ ಮಂದಿ. ಎತ್ತಿನ ಹಗ್ಗ ಹಿಡದಿಲ್ಲ ಅನಸ್ತೈತಿ. ಸೋಮವಾರ ಬಸವಣ್ಣನ ವಾರ. ನೊಗ ಹೂಡೂದಿಲ್ರಿ. ಮೈ ತೊಳೀತೀವಿ, ಇಬತ್ತಿ ಹಚ್ತೀವಿ, ಲೋಬಾನ ಹಾಕ್ತೀವಿ, ನೆರಳಾಗ ಕಟ್ತೀವಿ. ದುಡಿಯೂ ಜೀವಕ್ಕ ಒಂದಿನ ಬಿಡುವು ಬ್ಯಾಡೇನ್ರಿ?"

ಖಾಜಾಸಾಬನ ಕೈ ಜೇಬಿನ ಕರವಸ್ತ್ರಕ್ಕೆ ಹೋಯಿತು.

"ಲೋಬಾನ ಯಾರು ಹಾಕ್ತಾರ?"

"ಇನ್ಯಾರು. ಗದಿಗೆವ್ವತ್ತಿ."

"ನೀ ಅಷ್ಟೊತ್ತಿಗೆ ಎಲ್ಲಿರ್ತಿ?"

"ಹಳ್ಳದಾಗ. ಎತ್ತಿನ ಮೈ ತಿಕ್ಕಿ ಬರೂದ್ರಾಗ ಮೂರು ಹೊಡೀತೈತಿ. ಪಕ್ಕದ ತೋಟದ ಲಕ್ಕಪ್ಪನೂ ಕೂಡೇ ಇರ್ತಾನ, ಬೇಕಾದ್ರ ಕೇಳ್ರಿ." ಒಂದು ಗಳಿಗೆ ನಿಂತು ಹೇಳಿದ, "ಹೊಲ ಹೊಲ ಅಂತ ಊರಾಗ ಅಂತಾರ, ಗೊತ್ತೈತಿ ನನಗ. ದೊಡ್ಡಪ್ಪ ಇದ್ದಾಗ ನನಗ ಬೈಗಳ ಇರ್ತಿತ್ತು. ಈಗ ಮನ್ಯಾಗ ಬೈಯಾವ್ರೂ ಇಲ್ಲ."

ಅವನು ಮುಖ ತಿರುಗಿಸಿಕೊಂಡು ಹಿಂಡಿ ಕಲಸಲು ಕುಳಿತ.

ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಸಂಜೆ ಕೂಡುವ ಮಂದಿಗೆ. ಖಾಜಾಸಾಬ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ಕುಳಿತ. ಒಳಗೆ ಚನ್ನಬಸವಣ್ಣನ ಅಕ್ಕ ಗದಿಗೆವ್ವ, ಎಪ್ಪತ್ತರ ಮೇಲಿನ ಮುದುಕಿ, ಒಲೆಯ ಮುಂದೆ ಕುಳಿತಿದ್ದಳು. ತಾಯಿ ಸತ್ತಾಗ ಮೂರು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಯಕ್ಕಾ, ನಿನ್ನಿ ಸೋಮವಾರ ಇತ್ತು."

ರೊಟ್ಟಿಯ ಸದ್ದು ನಿಲ್ಲಲಿಲ್ಲ.

"ಪೆಟಗಿ ಮ್ಯಾಲ ಹೊಸಾ ಇಬತ್ತಿ ಐತಿ," ಎಂದ. "ಚನ್ನಬಸವಣ್ಣ ಮನ್ಯಾಗಿಲ್ಲ, ಯಂತ್ರ ಓಡೂದಿಲ್ಲ. ಆದರೂ ನೀ ಹಚ್ಚಿದಿ."

ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ವಾಸನೆ ಬಂತು. ಅವಳು ಅದನ್ನು ತೆಗೆಯಲಿಲ್ಲ.

"ತಪ್ಪಿಸಬಾರದು ಅಂತ ಹಚ್ಚಿದ್ನೆಪ್ಪ."

ಅವನು ಕಾದ. ಕಾಯುವುದು ಅವನಿಗೆ ಗೊತ್ತಿತ್ತು. ಗುರುವಾರ ಒಂದು ದಿನ ಮಾತ್ರ ಅದನ್ನು ಮರೆತಿದ್ದ.

"ಅದು ಬಂದ ದಿನಾ ನಾ ಶಾಕೀರಗ ಕೇಳಿದ್ನಿ," ಎಂದಳು ಗದಿಗೆವ್ವ. "ಹಗಲೂ ರಾತ್ರೀನೂ ಗುಂಯ್ ಅಂತೈತಲ್ಲೋ, ದಣಿಯೂದಿಲ್ಲೇನೋ ಇದು, ಅಂತ. ಅಂವ ನಕ್ಕೋತ, 'ಎತ್ತಿಗೆ ಕೊಟ್ಟಂಗ ಸೋಮವಾರ ಇದಕ್ಕೂ ಸೂಟಿ ಕೊಡಬೇ' ಅಂದ. ಚ್ಯಾಷ್ಟಿಗೆ ಅಂದಿದ್ದ. ನನಗದು ತಿಳೀಲಿಲ್ಲ. ನನ್ನ ತಮ್ಮನ ಉಸಿರು ಎಳಿಯೂ ಪೆಟಗಿ ಅದು. ನಮ್ಮ ಎತ್ತಿಗಿಂತಾ ಹೆಚ್ಚು ದುಡೀತೈತಿ. ಹನ್ನೆರಡಕ್ಕ ಆರಸ್ತಿದ್ನಿ, ಇಬತ್ತಿ ಹಚ್ಚಿ ಲೋಬಾನ ಹಾಕ್ತಿದ್ನಿ, ಎರಡಕ್ಕ ಆ ಹೊಗ್ಯಾಗನ ಮತ್ತ ಹಚ್ತಿದ್ನಿ."

"ಚನ್ನಬಸವಣ್ಣ ಏನೂ ಅನ್ನಲಿಲ್ಲೇನು?"

"ಅಂವ ಏನಂತಾನ. 'ಹಾಕು ಅಕ್ಕಾ, ಅದಕ್ಕೂ ಬಿಡುವಾಗಲಿ, ನನಗೇನು ಎರಡು ತಾಸು' ಅಂತಿದ್ದ. ಗ್ವಾಡಿಗೆ ಆತು ಕುಂಡ್ರತಿದ್ದ." ಅವಳು ಹಿಟ್ಟಿನ ಕೈಯಿಂದಲೇ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. "ತುಟಿ ನೀಲಿ ಆಗಿರ್ತಿದ್ದವು. ಬಿಸಲಿಗೆ ಅನಕೊಂಡ್ನಿ."

ಹೆಂಚಿನಿಂದ ಹೊಗೆ ಏಳುತ್ತಿತ್ತು. ಖಾಜಾಸಾಬ ಒಳಗೆ ಹೋಗಿ ರೊಟ್ಟಿ ತೆಗೆದು ಬದಿಗಿಟ್ಟ. ಬೇರೆಯವರ ಒಲೆ ಮುಟ್ಟಿದೆನೆಂಬುದೂ ಅವನಿಗೆ ಹೊಳೆಯಲಿಲ್ಲ.

"ಗುರುವಾರ ನಾ ಅಷ್ಟು ಮಂದಿ ಮುಂದ ಶಾಕೀರಗ ಕಳ್ಳ ಅಂದೆ. ಅವಾಗ ಯಾಕ ಸುಮ್ಮನಿದ್ದಿ ಯಕ್ಕಾ?"

"ಅಂವನೂ ಸುಮ್ಮನ ಇದ್ದನಲ್ಲೋ. ನೀ ಮುಚ್ಚಳ ತಗದಾಗ ವಾಸನಿ ಅಂವನ ಮೂಗಿಗೆ ಬಡೀತು. ನನ್ನ ಕಡೆ ನೋಡಿದ. ಎಲ್ಲಾ ತಿಳದು ತಲಿ ಕೆಳಗ ಹಾಕಿದ. ಈ ಮುದುಕೀನ ಮಂದಿ ಮುಂದ ಯಾಕ ನಿಲ್ಲಸೂದು ಅಂತ."

ತಲೆ ಕೆಳಗೆ ಹಾಕಿದ್ದನ್ನು ಖಾಜಾಸಾಬನೂ ನೋಡಿದ್ದ. 'ನೋಡ್ರಿ, ತಪ್ಪು ಮಾಡಿದಾವ ಹಿಂಗ ನಿಲ್ತಾನ' ಎಂದು ಆ ತಲೆಯನ್ನೇ ಬೆರಳು ಮಾಡಿ ತೋರಿಸಿದ್ದ.

ಆ ಬೆರಳನ್ನು ಈಗ ಅವನು ಇನ್ನೊಂದು ಕೈಯೊಳಗೆ ಮುಚ್ಚಿಕೊಂಡ.

"ಚನ್ನಬಸವಣ್ಣ ಬಿದ್ದ ದಿನಾನೂ ಹನ್ನೆರಡಕ್ಕ ಆರಿಸಿ, ಎರಡಕ್ಕ ಹಚ್ಚಿದಿ. ಹಂಗಾದ್ರ ಹದಿನಾಕು ವಾರ ಏನೂ ಆಗಲಾರದ್ದು ಅವತ್ತ ಯಾಕಾತು?"

ಗದಿಗೆವ್ವ ಸೆರಗು ತೆಗೆದಳು. ಅವಳ ಕಣ್ಣಲ್ಲಿ ಅಳುವಿಗಿಂತ ಹೆಚ್ಚಿನದೊಂದು ಹೆದರಿಕೆ ಕಂಡಿತು.

"ಹತ್ತಲಿಲ್ಲೋ ಯಪ್ಪಾ. ಗುಂಡಿ ತಿರುವಿದ್ನಿ. ಹಸರೂ ಇಲ್ಲ, ಕೆಂಪೂ ಇಲ್ಲ. ಸತ್ತ ದನಾ ಬಿದ್ದಂಗ ಬಿದ್ದಿತ್ತು. ಅರ್ಧಾ ತಾಸು ತಿರುವಿ ತಿರುವಿ ನನ್ನ ಕೈ ಸೋತು. ಆ ಕಡೆ ತಮ್ಮ ಮಂಚದ ಕೆಳಗ ಬಿದ್ದ. ಚೀರಿದ್ರ ಯಾರದಾರ ಇಲ್ಲಿ. ಅಷ್ಟ್ರಾಗ ಒಂದು ಕಾರು ಬಂತು."

"ಯಾರ ಕಾರು?"

"ನಾ ಯಾರಿಗೂ ಹೇಳಿ ಕಳಿಸಿದ್ದಿಲ್ಲ. ತಾನ ಬಂದ. ಹಿಂದೊಂದು ಸೋಮವಾರ ಬಂದಾಗ ನಾ ಪೆಟಗಿ ಆರಿಸೂದು ಕಂಡಿದ್ದ. ತಮ್ಮನ್ನ ನೋಡಿ ಅಂವನೂ ಗಾಬರ್ಯಾದ. ಓಡಿ ಪೆಟಗಿ ಕ್ವಾಣ್ಯಾಗ ಹೊಕ್ಕ. ಒಂದು ಬೀಡಿ ಸೇದೂವಷ್ಟು ಹೊತ್ತೂ ಇಲ್ಲ, ಹಸರು ದೀಪ ಹತ್ತಿತು. ತಮ್ಮನ್ನ ತನ್ನ ಕಾರಿನಾಗ ಹಾಕ್ಕೊಂಡು ಗದಗಿಗೆ ಒಯ್ದ. ಹೋಗೂ ಮುಂದ ನನಗ ಹೇಳಿದ. 'ಯವ್ವಾ, ಸೋಮವಾರದ ಸುದ್ದಿ, ನಾ ಬಂದ ಸುದ್ದಿ ಎರಡೂ ಬಾಯಿ ಬಿಡಬ್ಯಾಡ. ದಾರ್‍ಯಾಗ ಯಾರೋ ಕಾರಿನವ್ರು ಸಿಕ್ರು ಅನ್ನು. ಬಿಟ್ಟರ, ತಮ್ಮನ್ನ ನೀನ ಕೊಂದಿ ಅಂತಾರ' ಅಂತ."

"ಯಾರಂವ ಯಕ್ಕಾ?"

ಅವಳು ಹೇಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಗೇಟಿನ ಹತ್ತಿರ ಕಾರಿನ ಹಾರ್ನು ಎರಡು ಸಲ ಆಯಿತು.

"ನಿನಗ ಅಬ್ಬಾ ಅಂತಾನಲ್ಲೋ," ಎಂದಳು ಕಡೆಗೆ. "ಅಂವ."

ಖಾಜಾಸಾಬ ಎದ್ದ. ಯಾವಾಗ ಅಂಗಳ ದಾಟಿದ, ಯಾವಾಗ ಕೋಣೆಗೆ ಬಂದ ಎಂಬುದು ಅವನಿಗೆ ತಿಳಿಯಲಿಲ್ಲ. ಈ ಸಲ ಪೆಟ್ಟಿಗೆಯನ್ನು ನೋಡಲಿಲ್ಲ. ಮೊಣಕಾಲೂರಿ, ಹಲಗೆಯ ಕೆಳಗೆ ಸಾಲಾಗಿ ಇಟ್ಟ ಎಂಟು ಬ್ಯಾಟರಿಗಳನ್ನು ನೋಡಿದ. ಗುರುವಾರ ಬೆಳಕು ಈ ಕಡೆ ಬಿದ್ದಿರಲೇ ಇಲ್ಲ. ಮಗ ಬೀಳಗೊಟ್ಟಿರಲಿಲ್ಲ.

ವೈರು ಕಟ್ಟುವ ತಲೆಗಳು ಹದಿನಾರು. ತುಕ್ಕು ಹಿಡಿಯದಂತೆ ಶಾಕೀರ ಪ್ರತಿಯೊಂದಕ್ಕೂ ವ್ಯಾಸಲೀನು ಸವರಿದ್ದ, ಮದುಮಗಳಿಗೆ ಅರಿಸಿನ ಹಚ್ಚಿದಷ್ಟು ನೀಟಾಗಿ. ಹದಿನೈದರ ಮೇಲೆ ಅದು ಹಾಗೇ ಇತ್ತು, ಧೂಳು ಕೂತು ಕಂದಾಗಿತ್ತು. ಮೂಲೆಯ ಒಂದು ತಲೆ ಮಾತ್ರ ಬೋಳು. ನಟ್ಟಿನ ಅಂಚಿನಲ್ಲಿ ಪಾನಾ ಜಾರಿದ ಗೀರು, ಹೊಸದಾಗಿ ಹೊಳೆಯುತ್ತಿತ್ತು.

ಪೆಟ್ಟಿಗೆ ಆರಿದ ಆ ಎರಡು ತಾಸಿನಲ್ಲಿ ಯಾರೋ ಬಂದು ಇದನ್ನು ಬಿಚ್ಚಿದ್ದಾರೆ. ಆಮೇಲೆ ಬಂದು ಬಿಗಿದಿದ್ದಾರೆ. ಬಿಚ್ಚಿದವನಿಗೆ ಪೆಟ್ಟಿಗೆ ಹತ್ತದಿದ್ದರೆ ಸಾಕಾಗಿತ್ತು, ಅಷ್ಟೇ. ತಾನು ಬಂದು ನೋಡಿ, 'ನಾ ಹೇಳಿದ್ದಿಲ್ಲೇನು, ಈ ಮಾಲು ನಂಬಬ್ಯಾಡ್ರಿ' ಎನ್ನಬೇಕಿತ್ತು. ಒಂದು ಜೀವ ಮಂಚದಿಂದ ಬೀಳುತ್ತದೆಂದು ಲೆಕ್ಕ ಹಾಕಿರಲಿಲ್ಲ. ಇದೆಲ್ಲ ತಂದೆಯ ಮನಸ್ಸು ಮಗನಿಗಾಗಿ ಹೂಡುತ್ತಿದ್ದ ವಕಾಲತ್ತೆಂದು ಖಾಜಾಸಾಬನಿಗೆ ಗೊತ್ತಾಯಿತು. ನೆಲದ ಮೇಲೆ ಕೂತಲ್ಲೇ ನಾಚಿಕೆಯಿಂದ ಅವನ ಬೆನ್ನು ಬಾಗಿತು.

ಪಾನಾ ಹಿಡಿಯುವುದನ್ನು ಆ ಹುಡುಗನಿಗೆ ಕಲಿಸಿದವನು ತಾನೇ.

"ಅಬ್ಬಾ."

ಶಾಹಬಾಜ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ತನ್ನ ಮಾಲಿನ ಬಣ್ಣಬಣ್ಣದ ದರಪಟ್ಟಿಗಳ ಕಟ್ಟು. ತಂದೆ ಬ್ಯಾಟರಿಗಳ ಮುಂದೆ ಕುಳಿತದ್ದನ್ನು ನೋಡಿ ಒಂದು ಗಳಿಗೆ ಅವನ ಕಣ್ಣು ಮೂಲೆಗೆ ಹೋಯಿತು. ಬೋಳು ತಲೆಯಿದ್ದ ಮೂಲೆಗೇ ಹೋಯಿತು.

"ಮಂದಿ ಕೂಡ್ಯಾರ," ಎಂದ. "ಹ್ವಾದ ಸಲ ಹೇಳಿದ್ದ ಇನ್ನೊಮ್ಮಿ ಹೇಳಿಬಿಡ್ರಿ, ಸಾಕು. ಕತ್ತಲಾಗೂದ್ರಾಗ ಬೆಟಗೇರಿ ಮುಟ್ಟೋಣು."

ಖಾಜಾಸಾಬ ಮಗನ ಪಕ್ಕದಿಂದಲೇ ದಾಟಿ ಹೋದ. ಅವನನ್ನು ಮುಟ್ಟಲಿಲ್ಲ, ಮಾತಾಡಿಸಲಿಲ್ಲ.

ಅಂಗಳದಲ್ಲಿ ಅದೇ ನಲವತ್ತು ಮಂದಿ. ಹೆಂಗಸರು ಕಟ್ಟೆಯ ಮೇಲೆ, ಗಂಡಸರು ನೆಲಕ್ಕೆ. ಹಸೀನಾಬಿ ಮಾತ್ರ ಎದ್ದು ನಿಂತಿದ್ದ ಕಾರಣ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದಳು.

"ಹ್ವಾದ ಗುರುವಾರ ನಾ ಹೇಳಿದ್ದು ಸುಳ್ಳು," ಎಂದ ಖಾಜಾಸಾಬ.

ಹಿಂದೆ ಕುಳಿತವರು ಮುಂದಕ್ಕೆ ಬಾಗಿದರು.

"ಪೆಟಗಿ ಖರೆ ಮಾಲು. ಹೊಸಾ ತಾಮ್ರ. ಮ್ಯಾಲಿನ ಮಸಿ ನೋಡಿ ಸುಟ್ಟೈತಿ ಅಂದೆ, ಮುಟ್ಟಿ ನೋಡಲಿಲ್ಲ. ಇವತ್ತು ಆರು ತಾಸು ಹೊರಿ ಹಾಕಿ ನೋಡೀನಿ. ನನ್ನ ಮನೀಗೆ ಬೇಕಾದ್ರೂ ನಾ ಇದನ್ನ ತಗೋತೀನಿ. ಶಾಕೀರಂದು ಕೂದಲೆಳಿ ತಪ್ಪಿಲ್ಲ. ತಪ್ಪು ನಂದು." ಅವನು ಹಸೀನಾಬಿಯ ಕಡೆ ತಿರುಗಿದ. ಕೈ ಮುಗಿಯಬೇಕೆಂದಿದ್ದ, ಕೈ ಏಳಲಿಲ್ಲ. "ಭಾಬಿ, ಅಂವನ ಮುಂದೂ ಬಂದು ಹೇಳ್ತೀನಿ."

ಹಸೀನಾಬಿ ತುಟಿ ಬಿಗಿಹಿಡಿದು ನಿಂತಿದ್ದಳು.

"ಹಂಗಾರ ಪೆಟಗಿ ನಿಲ್ಲಿಸಿದಾವ ಯಾರ್ರಿ?" ಹಿಂದಿನಿಂದ ವೀರು ಕೇಳಿದ.

ಎಲ್ಲರೂ ಖಾಜಾಸಾಬನ ಬಾಯಿ ನೋಡಿದರು. ಅವನು ಉಸಿರು ತೆಗೆದುಕೊಂಡ. ಆ ಉಸಿರಿನ ಸಂದಿನಲ್ಲಿ ಮಗನ ದನಿ ಬಂತು, ಮೆತ್ತಗೆ, ಮರ್ಯಾದೆಯಿಂದ.

"ಅಬ್ಬಾಗ ಹೇಳಾಕ ಮನಸಾಗವಲ್ದು. ನಾ ಹೇಳ್ತೀನಿ. ಸೋಮವಾರ ಸೋಮವಾರ ಗದಿಗೆವ್ವಾನ ಪೆಟಗಿ ಆರಸ್ತಿದ್ಲು. ಎತ್ತಿಗೆ ಬಿಡುವು ಕೊಟ್ಟಂಗ. ಕೇಳ್ರಿ ಬೇಕಾದ್ರ ಆಕೀನ."

ನಲವತ್ತು ತಲೆ ಅಡಿಗೆಮನೆಯ ಕಡೆ ತಿರುಗಿದವು. ಕಾಂಚನಾಳ ಕೈಯಿಂದ ತಟ್ಟೆ ಬಿತ್ತು. ವೀರು ಅತ್ತೆಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ.

ಗದಿಗೆವ್ವ ಹೊಸ್ತಿಲು ದಾಟಿ ಬಂದಳು. ಮೊಣಕೈವರೆಗೂ ಜೋಳದ ಹಿಟ್ಟು. ಅಂಗಳದ ನಡುವೆ ನಿಂತಳು.

"ಹೌದು," ಎಂದಳು. "ನಾನ ಆರಿಸಿದ್ನಿ. ನನ್ನ ತಮ್ಮನ್ನ ನಾನ ಕೆಡವಿದ್ನಿ."

ಅಷ್ಟೇ ಹೇಳಿದಳು. ಕಾರಿನ ಮಾತು ಎತ್ತಲಿಲ್ಲ, ಹತ್ತದ ದೀಪದ ಮಾತು ಎತ್ತಲಿಲ್ಲ. ಖಾಜಾಸಾಬನ ಮುಖವನ್ನೊಮ್ಮೆ ನೋಡಿ, ಕಣ್ಣು ತೆಗೆದುಕೊಂಡು ನೆಲಕ್ಕೆ ಕುಳಿತಳು. ನಿನ್ನ ಮನೆಯ ಮಾತು ನಿನಗೆ ಬಿಟ್ಟಿದ್ದೇನೆ ಎಂದಂತಿತ್ತು ಆ ನೋಟ.

ಹೆಂಗಸರ ಕಟ್ಟೆಯಿಂದ ಯಾರೋ ಅವಳಿಗೆ ಶಾಪ ಹಾಕಲು ಶುರುಮಾಡಿದರು. ಶಾಹಬಾಜ ಪಟ್ಟಿಗಳ ಕಟ್ಟು ಬಿಚ್ಚಿದ.

"ಭಾಯಿ," ಎಂದಳು ಹಸೀನಾಬಿ. ಇವತ್ತು ಅವಳು ಖಾಜಾಸಾಬನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. "ನಿಮ್ಮ ಮಾತು ಮುಗೀತೇನ್ರಿ, ಇನ್ನೂ ಐತೇನು?"